ಅಕ್ಕಿ ಚೀಲದಲ್ಲಿ ಕಲ್ಲು: ಗ್ರೇಟ್ ಬೇರ್ ಸರೋವರದ ದಂಡೇಲಿ ಹತ್ತು ದಿನ

ದಿನ 1, ಜುಲೈ 6, ಯೆಲ್ಲೋನೈಫ್

ಗ್ರೇಟ್ ಬೇರ್ ಸರೋವರದ ದಂಡೇಲಿ ಖನಿಜ ಹುಡುಕೋ ಕೆಲಸಕ್ಕೆ ಅಂತ ಬೆಳಗ್ಗೆ ಸಾಸ್ಕಟೂನ್‌ನಲ್ಲಿ ಮನೆಯಿಂದ ಹೊರಟಾಗ ಹೆಂಡ್ತಿ ಬ್ಯಾಗಿಗೆ ಶೇಂಗಾ ಚಟ್ನಿ ಪುಡಿ, ಖಟಕ್ ರೊಟ್ಟಿ ಹಾಕಿಕೊಟ್ಲು, ಹತ್ತು ದಿನ ಅಂದ್ರೆ ಹತ್ತು ರೊಟ್ಟಿ ಸಾಲಲ್ಲ ಅಂತ ಇಪ್ಪತ್ತು. ಎಡ್ಮಂಟನ್ ಮೇಲೆ ಯೆಲ್ಲೋನೈಫ್ ತಲುಪೋ ಹೊತ್ತಿಗೆ ಮಧ್ಯಾಹ್ನ ಮೂರು. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಇದೇ ರಾಜಧಾನಿ, ಊರು ಹುಟ್ಟಿದ್ದೇ ಚಿನ್ನದಿಂದ. ಕಾನ್ ಗಣಿ 1938ರಲ್ಲಿ ಶುರುವಾಯ್ತು, ಜೈಂಟ್ ಗಣಿ 1948ರಲ್ಲಿ, ಎರಡೂ ಈಗ ಮುಚ್ಚಿವೆ.

ನಾನು ಹುಟ್ಟಿ ಬೆಳೆದಿದ್ದು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಾಲೋನಿಯಲ್ಲಿ, ಅಪ್ಪ ಮಲ್ಲಪ್ಪ ಶಾಫ್ಟ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದೋರು. ಅದಕ್ಕೇ ಏನೋ, ಯಾವ ಗಣಿ ಊರಿಗೆ ಹೋದ್ರೂ ಮೊದಲು ಹೆಡ್‌ಗೇರ್, ಅಂದ್ರೆ ಗಣಿ ಬಾಯಿ ಮೇಲಿನ ಗೋಪುರ, ಎಲ್ಲಿದೆ ಅಂತ ಕಣ್ಣು ಹುಡುಕುತ್ತೆ. ಇಲ್ಲಿ ಹುಡುಕಿದ್ರೆ ಸಿಗೋದು ಬೇರೆ. ಜೈಂಟ್ ಗಣಿಯಲ್ಲಿ ಚಿನ್ನ ಆರ್ಸೆನೋಪೈರೈಟ್ ಅನ್ನೋ ಖನಿಜದೊಳಗೆ ಸಿಕ್ಕಿಕೊಂಡಿತ್ತು, ಅದನ್ನ ಬಿಡಿಸೋಕೆ ಅದಿರನ್ನ ಸುಡ್ತಿದ್ರು, ಸುಟ್ಟಾಗ ಬರೋ ಹೊಗೇಲಿ ಆರ್ಸೆನಿಕ್. ಆ ಹೊಗೆಯಿಂದ ಹಿಡಿದ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿ 2,37,000 ಟನ್ ಈಗ್ಲೂ ಊರ ಪಕ್ಕದಲ್ಲೇ ನೆಲದಡಿ ಕೋಣೆಗಳಲ್ಲಿ ಇದೆ, ಅದು ನೀರಿಗೆ ಸೇರಬಾರದು ಅಂತ ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡೋ ಕೆಲಸ ನಡೀತಿದೆ. ಮೊದಮೊದಲು ಹಿಡಿಯೋ ವ್ಯವಸ್ಥೇನೂ ಇರ್ಲಿಲ್ಲ, ಹೊಗೆ ಸೀದಾ ಗಾಳಿಗೆ. 1951ರಲ್ಲಿ ಆ ವಿಷ ಬಿದ್ದ ಹಿಮ ಕರಗಿಸಿದ ನೀರು ಕುಡಿದು ಪಕ್ಕದ ಡೆನೆ ಕೇರಿಯ ಎರಡು ವರ್ಷದ ಮಗು ತೀರಿಹೋಯ್ತು. ಡೆನೆ ಅಂದ್ರೆ ಇಲ್ಲಿನ ಮೂಲನಿವಾಸಿ ಜನ.

ಹಟ್ಟಿ ಅದಿರಲ್ಲೂ ಆರ್ಸೆನೋಪೈರೈಟ್ ಇದೆ. ಚಿಕ್ಕವನಿದ್ದಾಗ ಅದರ ಬೆಳ್ಳಿ ಬಣ್ಣದ ಹೊಳಪಿಗೆ ಅಂಗೈಯಲ್ಲಿ ಇಟ್ಕೊಂಡು ಆಡಿದ್ದೀನಿ. ಕಲ್ಲಲ್ಲಿ ಇರೋವರೆಗೂ ಅದು ಸುಮ್ಮನೆ ಇರುತ್ತೆ.

ದಿನ 2, ಜುಲೈ 7

ನೀರ ಮೇಲೆ ಇಳಿಯೋಕೆ ಫ್ಲೋಟ್ ಹಾಕಿದ ಟ್ವಿನ್ ಆಟರ್ ವಿಮಾನ. ಹತ್ತೋಕೆ ಮುಂಚೆ ನಮ್ಮನ್ನೂ ತೂಕ ಮಾಡ್ತಾರೆ, ಬ್ಯಾಗನ್ನೂ, ಮೊಟ್ಟೆ ಟ್ರೇಯನ್ನೂ. ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ತಿರುಗಿ 400 ಕಿ.ಮೀ.ಗಿಂತ ಹೆಚ್ಚು ಹಾರಬೇಕು. ಕೆಳಗೆ ಒಂದು ರಸ್ತೆ ಇಲ್ಲ, ಒಂದು ಮನೆ ಇಲ್ಲ, ಬರೀ ಕೆರೆ, ಬಂಡೆ, ಸ್ಪ್ರೂಸ್ ಗಿಡಗಳು. ಉತ್ತರಕ್ಕೆ ಹೋದಂಗೆ ಗಿಡ ಕುಳ್ಳಗಾಗ್ತಾ ಬರುತ್ತೆ.

ಆಮೇಲೆ ಸರೋವರ ಕಾಣಿಸ್ತು. ಗ್ರೇಟ್ ಬೇರ್, ಅಂದ್ರೆ ದೊಡ್ಡ ಕರಡಿ ಸರೋವರ, ಸುಮಾರು 31,000 ಚದರ ಕಿ.ಮೀ., ರಾಯಚೂರು, ಯಾದಗಿರಿ, ಕೊಪ್ಪಳ ಮೂರು ಜಿಲ್ಲೆ ಸೇರಿಸಿದ್ರೂ ಇದರೊಳಗೆ ಆರಾಮಾಗಿ ಮುಳುಗಿ ಹೋಗುತ್ತೆ. ಜುಲೈ ಮೊದಲ ವಾರ ಆದ್ರೂ ನಡುವೆ ಇನ್ನೂ ಐಸ್ ತೇಲ್ತಾ ಇತ್ತು, ಬಿಳಿ ಹಾಳೆ ಹರಿದು ನೀರಲ್ಲಿ ಬಿಟ್ಟಂಗೆ. ದಂಡೆಯ ಕೊಲ್ಲಿಗಳು ಮಾತ್ರ ತೆರೆದಿದ್ವು, ಪೈಲಟ್ ಎರಡು ಸುತ್ತು ಹಾಕಿ ನೋಡಿ ಆಮೇಲೆ ಇಳಿಸಿದ.

ಕ್ಯಾಂಪ್ ಇರೋದು ಸರೋವರದ ಪೂರ್ವ ದಂಡೇಲಿ, ಎಕೋ ಬೇ ಅನ್ನೋ ಕೊಲ್ಲಿಯಿಂದ ದಕ್ಷಿಣಕ್ಕೆ ಇನ್ನೊಂದು ಸಣ್ಣ ಕೊಲ್ಲಿ. ಹನ್ನೊಂದು ಟೆಂಟ್, ಸುತ್ತ ಕರಡಿಗೆ ಅಂತ ಕರೆಂಟ್ ಬೇಲಿ, ಹಿಂದೆ ಡೀಸೆಲ್ ಡ್ರಮ್ಮುಗಳ ಸಾಲು. ಆರ್ಕ್ಟಿಕ್ ವೃತ್ತ ಇಲ್ಲಿಂದ ಉತ್ತರಕ್ಕೆ ಐವತ್ತು-ಅರವತ್ತು ಕಿ.ಮೀ. ಅಷ್ಟೇ. ರಾತ್ರಿ ಒಂದು ಗಂಟೆ ಮೇಲೆ ಸೂರ್ಯ ಕೆಳಗಿಳಿದ, ಎರಡು ತಾಸಿನೊಳಗೆ ಮತ್ತೆ ಎದ್ದ, ನಡುವೆ ಕತ್ತಲೆ ಅನ್ನೋದೇ ಬರ್ಲಿಲ್ಲ. ನಿದ್ದೆ ಬರೋಕೆ ಮುಖದ ಮೇಲೆ ಟವೆಲ್ ಹಾಕ್ಕೊಂಡೆ.

ದಿನ 3, ಜುಲೈ 8

ಇವತ್ತಿಂದ ನಡಿಗೆ. ನಾನು, ಈ ವರ್ಷವಷ್ಟೇ ಕಾಲೇಜು ಮುಗಿಸಿ ಬಂದ ಒಬ್ಬ ಹುಡುಗಿ, ಮತ್ತೆ ಡೆಲಿನೆ ಊರಿನ ಒಬ್ಬ ಹಿರಿಯರು. ಡೆಲಿನೆ ಅಂದ್ರೆ ಸರೋವರದ ಆ ಕಡೆ, ಪಶ್ಚಿಮ ದಂಡೇಲಿರೋ ಊರು, ಇಡೀ ಸರೋವರಕ್ಕೆ ಜನ ವಾಸ ಇರೋ ಊರು ಅದೊಂದೇ. ಸಾಹ್ತು ಡೆನೆ ಜನ. ಇಲ್ಲಿ ಯಾವ ಕಂಪನಿ ಬಂದ್ರೂ ಕರಡಿ, ಕ್ಯಾರಿಬೂ ಅನ್ನೋ ಹಿಮಸಾರಂಗದ ಮೇಲೆ ಕಣ್ಣಿಡೋಕೆ ಆ ಊರಿಂದ ಒಬ್ರು ಜೊತೆಗಿರ್ತಾರೆ, ವೈಲ್ಡ್‌ಲೈಫ್ ಮಾನಿಟರ್ ಅಂತಾರೆ. ಇವ್ರಿಗೆ ಅರವತ್ತರ ಮೇಲೆ ವಯಸ್ಸು, ಕಡಿಮೆ ಮಾತು, ಬಂಡೆ ಮೇಲೆ ನಡೀತಿದ್ರೆ ಬೂಟಿನ ಸದ್ದೇ ಬರಲ್ಲ.

ಯಾಕೆ ಈ ಜಾಗ ಅಂತ ಕೇಳ್ತೀರಿ. ಇಲ್ಲಿನ ಕಲ್ಲು ಸುಮಾರು 187 ಕೋಟಿ ವರ್ಷ ಹಳೇದು, ಜ್ವಾಲಾಮುಖಿಗಳು ಸಾಲಾಗಿ ಉಕ್ಕಿದ ಜಾಗ, ಗ್ರೇಟ್ ಬೇರ್ ಮ್ಯಾಗ್ಮಾಟಿಕ್ ಝೋನ್ ಅಂತ ಹೆಸರು. ಕೆಳಗಿನ ಶಿಲಾರಸದ ಬಿಸಿಗೆ ಉಪ್ಪು ನೀರು ಕಾದು, ಬಿರುಕು ಹಿಡ್ಕೊಂಡು ಮೇಲೆ ಬರ್ತಾ ಬರ್ತಾ ಸುತ್ತಲಿನ ಬಂಡೆಯನ್ನ ಬೇಯಿಸಿಬಿಟ್ಟಿದೆ. ಮೊದಲು ಕಬ್ಬಿಣದ ಖನಿಜ, ಮ್ಯಾಗ್ನೆಟೈಟ್, ಆಮೇಲೆ ತಾಮ್ರ, ಚಿನ್ನ, ಇನ್ನೂ ಮೇಲೆ ತಣ್ಣಗಾಗೋ ಕಡೆ ಹೆಮಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಖನಿಜದ ಜೊತೆ ಯುರೇನಿಯಂ. ಹೀಗೆ ಒಂದೇ ಒಲೆ ಮೇಲೆ ಮೂರು ಅಡುಗೆ ಆದಂಥ ನಿಕ್ಷೇಪಕ್ಕೆ ದೊಡ್ಡ ಉದಾಹರಣೆ ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್, 1975ರಲ್ಲಿ ಸಿಕ್ಕಿದ್ದು. ಅಂಥದ್ದು ಇಲ್ಲೂ ಇರಬಹುದಾ ಅನ್ನೋದೇ ಎಲ್ಲರ ಪ್ರಶ್ನೆ, ನನ್ನದೂ.

ನಮ್ಮ ಕರ್ನಾಟಕದಲ್ಲಿ ಈ ಮೂರೂ ಬೇರೆ ಬೇರೆ ಊರಲ್ಲಿ, ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರ, ಹಟ್ಟಿಯಲ್ಲಿ ಚಿನ್ನ, ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ. ಒಂದೇ ಬಂಡೇಲಿ ಮೂರನ್ನೂ ಹುಡುಕೋದು ನನಗೆ ಈ ದೇಶಕ್ಕೆ ಬಂದ ಮೇಲೇ ಅಭ್ಯಾಸ ಆಗಿದ್ದು.

ಸೊಳ್ಳೆ, ಕರಿನೊಣದ ಕಾಟ ಹೇಳತೀರದು, ತಲೆಗೆ ಬಲೆ ಹಾಕ್ಕೊಂಡೇ ನಡೀಬೇಕು, ಊಟಕ್ಕೆ ಬಲೆ ಎತ್ತಿದ್ರೆ ರೊಟ್ಟಿ ಜೊತೆ ನಾಲ್ಕು ನೊಣನೂ ಬಾಯಿಗೆ. ಆದ್ರೆ ಬಂಡೆ! ಕೆಂಪು ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್ ಆವರಿಸಿ ಇಡೀ ಗುಡ್ಡ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಅದರ ಮೇಲೆ ಅಲ್ಲಲ್ಲಿ ಪಾಚಿ ಹಸಿರಲ್ಲ, ಹಳೇ ತಾಮ್ರದ ಚೊಂಬಿಗೆ ಕಿಲುಬು ಹಿಡಿದಂಗೆ ಹಸಿರು, ಅದು ಮ್ಯಾಲಕೈಟ್, ತಾಮ್ರದ ಖನಿಜ. ಒಂದು ಬಿರುಕಲ್ಲಿ ಗುಲಾಬಿ ಪುಡಿ, ಕುಂಕುಮಕ್ಕೆ ಸುಣ್ಣ ಬೆರೆಸಿದಂಥ ಬಣ್ಣ, ಅದು ಕೋಬಾಲ್ಟ್ ಇರೋ ಗುರುತು. ಪೆನ್ಸಿಲ್ ತುದಿಯ ಮ್ಯಾಗ್ನೆಟ್ ಹಿಡಿದ್ರೆ ಬಂಡೆಗೆ ಟಪ್ಪಂತ ಅಂಟ್ಕೊಳ್ಳುತ್ತೆ.

ಈ ಬಣ್ಣಗಳನ್ನೇ 1900ರಲ್ಲಿ ಕೆನಡಾ ಭೂಗರ್ಭ ಸರ್ವೇಯ ಜೇಮ್ಸ್ ಮ್ಯಾಕಿಂಟಾಷ್ ಬೆಲ್ ನೋಡಿ ಬರೆದಿಟ್ಟು ಹೋಗಿದ್ದು, ಎಕೋ ಬೇ ದಂಡೆಯ ಬಂಡೆಗಳಲ್ಲಿ ತಾಮ್ರದ ಹಸಿರು, ಕೋಬಾಲ್ಟಿನ ಗುಲಾಬಿ ಇದೆ ಅಂತ. ಆ ವರದಿ ಓದಿ ಮೂವತ್ತು ವರ್ಷ ಆದ್ಮೇಲೆ ಗಿಲ್ಬರ್ಟ್ ಲಾಬಿನ್ ಬಂದು, 1930ರ ಮೇ ತಿಂಗಳಲ್ಲಿ ಪಿಚ್‌ಬ್ಲೆಂಡ್ ಕಂಡುಹಿಡಿದ. ಪಿಚ್‌ಬ್ಲೆಂಡ್ ಅಂದ್ರೆ ಯುರೇನಿಯಂ ಅದಿರು, ಕರ್ರಗೆ ಡಾಂಬರಿನ ಹಾಗೆ. ಸರ್ವೇ ವರದಿಯ ಒಂದೇ ಸಾಲು ಒಬ್ಬನನ್ನ ಸಾವಿರಾರು ಮೈಲಿ ನಡೆಸಿತು. ಅದಕ್ಕೇ ನಾನು ನನ್ನ ನೋಟ್‌ಬುಕ್ಕಲ್ಲಿ ಕಂಡಿದ್ದನ್ನ ಕಂಡಂಗೆ ಬರೀಬೇಕು ಅಂತ ಹಟ ಹಿಡಿಯೋದು, ಜೊತೆಗಿದ್ದ ಹುಡುಗಿಗೂ ಅದನ್ನೇ ಹೇಳಿದೆ, ತಾಮ್ರ ಕಂಡ್ರೆ ತಾಮ್ರ, ಇಲ್ಲಾಂದ್ರೆ ಇಲ್ಲ, "ಇರಬಹುದೇನೋ" ಅಂತ ಬರೀಬೇಡಮ್ಮ.

ದಿನ 4, ಜುಲೈ 9

ಮೈಕೈ ನೋವು. ಇವತ್ತೂ ಅದೇ ಗುಡ್ಡ, ಆ ಕಡೆ ಮಗ್ಗಲು. 43 ಸ್ಯಾಂಪಲ್.

ಸ್ಯಾಂಪಲ್ ಅಂದ್ರೆ ಸುತ್ತಿಗೆಯಿಂದ ಒಡೆದ ಎರಡು ಕೆ.ಜಿ. ಕಲ್ಲು, ಪ್ಲಾಸ್ಟಿಕ್ ಚೀಲ, ಒಳಗೆ ನಂಬರ್ ಚೀಟಿ, ಹೊರಗೆ ಮಾರ್ಕರ್‌ನಲ್ಲಿ ಅದೇ ನಂಬರ್. ಇಪ್ಪತ್ತಕ್ಕೊಂದು ಏನೂ ಇಲ್ಲದ ಕಲ್ಲು, ಇಪ್ಪತ್ತಕ್ಕೊಂದು ಎಷ್ಟು ಲೋಹ ಇದೆ ಅಂತ ಮೊದಲೇ ಗೊತ್ತಿರೋ ಪುಡಿ, ಲ್ಯಾಬಿಗೆ ಹೇಳದೆ ನಡುವೆ ಸೇರಿಸ್ತೀವಿ, ಲ್ಯಾಬ್ ತಪ್ಪು ಮಾಡಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ಹತ್ತು ಸ್ಯಾಂಪಲ್ ಒಟ್ಟು ಮಾಡಿ ಬಿಳೀ ನೇಯ್ಗೆ ಚೀಲಕ್ಕೆ ತುಂಬಿ ಬಾಯಿ ಕಟ್ಟೋದು. ಆ ಚೀಲಕ್ಕೆ ಇಲ್ಲಿ ಫೀಲ್ಡಿನವರು ಎಲ್ಲರೂ ಹೇಳೋ ಹೆಸರು "ರೈಸ್ ಬ್ಯಾಗ್". ಮೊದಲ ವರ್ಷ ಆ ಮಾತು ಕೇಳಿದಾಗ ನನ್ನ ಕಿವಿಗೆ ಎಷ್ಟು ಹಿತ ಆಗಿತ್ತು ಅಂದ್ರೆ, ಸಿಂಧನೂರಿನ ಸೋನಾ ಮಸೂರಿ ಚೀಲ ನಮ್ಮ ಮನೆ ಮೂಲೇಲಿ ಇರ್ತಿತ್ತಲ್ಲ, ಹೆಚ್ಚುಕಮ್ಮಿ ಅದೇ ಚೀಲ. ಅಕ್ಕಿ ಮಾತ್ರ ಇಲ್ಲ, ಕಲ್ಲು.

ಸಂಜೆ ಹೆಲಿಕಾಪ್ಟರ್ ಇಳಿಯೋ ಬಯಲಿನ ತನಕ ಒಂದೂವರೆ ಕಿ.ಮೀ. ಬೆನ್ನ ಮೇಲೆ ಒಂದು ಚೀಲ ಹೊತ್ತು ಇಳಿದೆ. ಇಪ್ಪತ್ತು ಕೆ.ಜಿ. ಮೊಣಕಾಲು ಅದುರೋಕೆ ಶುರುವಾಯ್ತು. ಹಿಂದೆ ಬರ್ತಿದ್ದ ಹಿರಿಯರು ಏನೂ ಹೇಳ್ಲಿಲ್ಲ, ಒಂದು ಕಡೆ ಕಲ್ಲು ಸಡಿಲ ಇದ್ದಲ್ಲಿ ಬಂದು ಮೊಣಕೈ ಹಿಡಿದುಕೊಂಡ್ರು ಅಷ್ಟೇ.

ದಿನ 5 ಮತ್ತು 6, ಜುಲೈ 10, 11

ಮಂಜು. ಐಸ್ ಮೇಲಿಂದ ಬರೋ ಗಾಳಿಗೆ ಇಡೀ ಕೊಲ್ಲಿ ಮುಚ್ಚಿಹೋಗಿ ಊಟದ ಟೆಂಟಿಂದ ನನ್ನ ಟೆಂಟ್ ಕಾಣಲ್ಲ. ಹೆಲಿಕಾಪ್ಟರ್ ಎದ್ದಿಲ್ಲ, ಎರಡೂ ದಿನ ಕೂತಿದ್ದೇ. ಹುಡುಗಿಗೆ ಏರ್ ಸರ್ವೇ ನಕ್ಷೆ ಬಿಡಿಸಿ ತೋರಿಸ್ತಾ ಕೂತೆ. ವಿಮಾನದಿಂದ ಗಾಮಾ ಕಿರಣ ಅಳೆದು ಮಾಡೋ ನಕ್ಷೇಲಿ ಯುರೇನಿಯಂ ಇರೋ ಜಾಗ ಕೆಂಪಗೆ ಕಾಣುತ್ತೆ ನಿಜ, ಆದ್ರೆ ಆ ಕಿರಣ ಬರೋದು ನೆಲದ ಮೇಲಿನ ಒಂದು ಮೊಳದಷ್ಟು ಪದರದಿಂದ ಮಾತ್ರ, ಮೇಲೆ ಒಂದು ಮೀಟರ್ ನೀರೋ ಜೌಗು ಮಣ್ಣೋ ಇದ್ರೆ ಕೆಳಗೆ ಎಷ್ಟೇ ಇರ್ಲಿ ಏನೂ ಕಾಣಲ್ಲ. ಅದಕ್ಕೇ ಗ್ರಾವಿಟಿ, ಮ್ಯಾಗ್ನೆಟಿಕ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು, ಭಾರದ ಕಲ್ಲು ಎಲ್ಲಿದೆ, ಅಯಸ್ಕಾಂತ ಗುಣ ಎಲ್ಲಿದೆ, ಎರಡೂ ಒಂದರ ಮೇಲೊಂದು ಕೂತಿಲ್ಲದ ಜಾಗ ಎಲ್ಲಿ. ಮ್ಯಾಗ್ನೆಟೈಟ್ ಹೋಗಿ ಹೆಮಟೈಟ್ ಆದ ಕಡೆ ಭಾರ ಉಳಿಯುತ್ತೆ, ಅಯಸ್ಕಾಂತ ಗುಣ ಇಳಿಯುತ್ತೆ. ಕಲ್ಲು ಮೇಲೆ ತಂದು ನೋಡೋಕೆ ನೆಲ ಕೊರೀತಿರೋ ನಮ್ಮ ಮೂರನೇ ಡ್ರಿಲ್ ಹೋಲ್ ಇಟ್ಟಿರೋದು ಅಂಥ ಒಂದು ಜಾಗದಲ್ಲಿ.

ಸ್ಯಾಟಲೈಟ್ ಇಂಟರ್ನೆಟ್ ಇರೋದ್ರಿಂದ ಅಪ್ಪನಿಗೆ ಫೋನ್ ಮಾಡಿದೆ. "ಉಂಡ್ಯೇನಪಾ" ಮೊದಲ ಪ್ರಶ್ನೆ, "ಎಷ್ಟ್ ಫೂಟ್ ಹೊಡದ್ರಿ" ಎರಡನೇದು. ಮೀಟರ್ ಲೆಕ್ಕ ಹೇಳಿದ್ರೆ ಅವ್ರಿಗೆ ಸಮಾಧಾನ ಇಲ್ಲ, 140 ಮೀಟರ್ ಅಂದೆ, ಅದನ್ನ ಫೂಟಿಗೆ ತಿರುಗಿಸಿಕೊಂಡು "ಅಷ್ಟ ಏನು, ಇನ್ನೂ ಮ್ಯಾಲ ಐತಿ ಬಿಡು" ಅಂದ್ರು. ಮೂವತ್ತು ವರ್ಷ ನೆಲದಡಿ ಇದ್ದೋರಿಗೆ ಅದು ಮೇಲೇನೇ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಗೋಗಿ ಮಂದಿ ನೀರಿಂದು ಕೇಳಿದ್ರಲ್ಲ, ಅಲ್ಲಿ ಮಂದೀನೂ ಕೇಳ್ತಾರೇನು?" ಅಂತ ಕೇಳಿದ್ರು. ಕೇಳ್ತಾರೆ ಅಪ್ಪಾ ಅಂದೆ. "ಕೇಳ್ಬೇಕು" ಅಂದು ಇಟ್ರು.

ಫೋನ್ ಇಟ್ಟ ಮೇಲೆ ಮಸ್ಕಿ ನೆನಪಾಯ್ತು. ಹಟ್ಟಿ ಹುಡುಗರಿಗೆ ಸ್ಕೂಲ್ ಟ್ರಿಪ್ಪಿಗೆ ಮಸ್ಕಿ ಗುಡ್ಡನೇ ಗತಿ. ಅಲ್ಲಿರೋ ಅಶೋಕನ ಶಾಸನ 1915ರಲ್ಲಿ ಕಂಡಿದ್ದು ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್‌ಗೆ. ದೇವಾನಾಂಪ್ರಿಯ ಅಂತ ಬರೆಸಿಕೊಂಡ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಆ ಕಲ್ಲಿಂದ, ಯಾಕಂದ್ರೆ ಅದರಲ್ಲಿ ಅವನ ಹೆಸರೇ ಇತ್ತು. ಖನಿಜ ಹುಡುಕೋರು ಎಷ್ಟೋ ಸಲ ಬೇರೇನನ್ನೋ ಕಂಡು ಬರ್ತಾರೆ, ಅದು ಅವ್ರ ನೋಟ್‌ಬುಕ್ಕಲ್ಲಿ ಇರಬೇಕು ಅಷ್ಟೇ. ಈ ಮಾತು ಮಾರನೇ ದಿನಾನೇ ನನ್ನ ಮೇಲೆ ಬರುತ್ತೆ ಅಂತ ಆಗ ಅಂದ್ಕೊಂಡಿರಲಿಲ್ಲ.

ಸಂಜೆ ಹಿರಿಯರು ಟೀ ಕುಡೀತಾ ಸರೋವರದ ಕಥೆ ಹೇಳಿದ್ರು. ಹಿಂದೆ ಒಬ್ಬ ಇಲ್ಲಿ ಮೀನಿಗೆ ಗಾಳ ಹಾಕಿದ್ನಂತೆ, ದೊಡ್ಡ ಟ್ರೌಟ್ ಮೀನು ಗಾಳದ ಕೊಕ್ಕೆ ಕಿತ್ಕೊಂಡು ಹೋಯ್ತು, ಅವನಿಗೆ ಮಂತ್ರಶಕ್ತಿ ಇತ್ತು, ತಾನೂ ಮೀನಾಗಿ ಹುಡುಕ್ಕೊಂಡು ತಳಕ್ಕೆ ಹೋದ, ಅಲ್ಲಿ ಕಂಡಿದ್ದು ಬಡಿಯೋ ಒಂದು ಹೃದಯ, ಸುತ್ತ ಮೀನುಗಳು ಕಾವಲು. ಆ ನೀರಿನ ಹೃದಯ ಬಡಿಯೋದ್ರಿಂದಲೇ ಸರೋವರ ಜೀವಂತ, ಇಲ್ಲಿಂದ ಹರಿಯೋ ನದಿಗಳೂ ಜೀವಂತ ಅಂತ ಅವ್ರ ನಂಬಿಕೆ. ಈ ಸರೋವರದ ಸುತ್ತಲಿನ ಸೀಮೆಗೆ 2016ರಲ್ಲಿ ಯುನೆಸ್ಕೋ ಜೀವಗೋಳ ತಾಣ ಅಂತ ಮಾನ್ಯತೆ ಸಿಕ್ಕಿದೆ, ಅದೇ ವರ್ಷ ಡೆಲಿನೆಗೆ ಸ್ವಂತ ಸರ್ಕಾರಾನೂ ಬಂತು. ಆದ್ರೆ ಅವ್ರು ಇದ್ಯಾವುದನ್ನೂ ಹೇಳ್ಲಿಲ್ಲ, ಹೃದಯದ್ದು ಮಾತ್ರ ಹೇಳಿದ್ರು, ಕಪ್ ತೊಳೆದಿಟ್ಟು ಮಲಗೋಕೆ ಹೋದ್ರು.

ದಿನ 7, ಜುಲೈ 12

ಮಂಜು ಹರೀತು. ಮೂರು ಜನ ದೋಣೀಲಿ ದಂಡೆ ಹಿಡಿದು ಉತ್ತರಕ್ಕೆ ಹೋದ್ವಿ, ಬಂಡೆ ನೀರಿಗಿಳಿಯೋ ಕಡೆ ನಿಲ್ಲಿಸಿ ನಿಲ್ಲಿಸಿ ನೋಡ್ತಾ. ಮಧ್ಯಾಹ್ನ ಒಂದು ಸಣ್ಣ ಜಲ್ಲಿಕಲ್ಲು ದಂಡೇಲಿ ಬುತ್ತಿ ಬಿಚ್ಚಿದ್ವಿ. ಹುಡುಗಿ ಕೈಯಲ್ಲಿ ಗಾಮಾ ಮೀಟರ್ ಇತ್ತು, ಆನ್ ಮಾಡಿಟ್ಟೇ ಓಡಾಡ್ತಿದ್ಲು. ಇಲ್ಲಿನ ಬಂಡೆಗೆ ಸಾಮಾನ್ಯವಾಗಿ ಸೆಕೆಂಡಿಗೆ ಇನ್ನೂರು ಚಿಲ್ಲರೆ ಎಣಿಕೆ ಬರೋದು. ಇದ್ದಕ್ಕಿದ್ದಂಗೆ ಮೀಟರ್ ಕೂಗೋಕೆ ಶುರು ಮಾಡ್ತು. ಎಂಟುನೂರು. ಎರಡು ಹೆಜ್ಜೆ, ಎರಡು ಸಾವಿರ. ಬಗ್ಗಿ ಜಲ್ಲಿ ಹತ್ತಿರ ಹಿಡಿದ್ರೆ ಒಂಬತ್ತು ಸಾವಿರ ದಾಟಿ ಸದ್ದು ಒಂದೇ ಸಮನೆ ಎಳೆದಂಗೆ ಆಯ್ತು. ಅವಳ ಮುಖ ಅರಳಿಹೋಯ್ತು, ಮೊದಲನೇ ಸೀಸನ್ನಲ್ಲೇ ಹೊಸ ಜಾಗ ಸಿಕ್ತು ಅಂತ ಯಾರಿಗೆ ಖುಷಿ ಆಗಲ್ಲ ಹೇಳಿ, ನನ್ನ ಎದೇನೂ ಹೊಡ್ಕೊಳ್ತಿತ್ತು.

ಕೋಲಲ್ಲಿ ಜಲ್ಲಿ ಸರಿಸಿದೆ. ನಿಂಬೆಹಣ್ಣು ಗಾತ್ರದ ಒಂದು ಕಪ್ಪು ತುಂಡು, ಗೊಂಚಲು ದ್ರಾಕ್ಷಿಯ ಹಾಗೆ ಗುಂಡು ಗುಂಡಾಗಿ ಮೈ, ಜಿಡ್ಡು ಹೊಳಪು, ಒಂದು ಅಂಚಲ್ಲಿ ಹಳದಿ ಹುಡಿ. ಗ್ಲೌಸ್ ಹಾಕಿದ ಬೆರಳಲ್ಲಿ ಒಂದು ಕ್ಷಣ ಎತ್ತಿ ನೋಡಿದೆ, ಅದೇ ಗಾತ್ರದ ಗ್ರಾನೈಟಿಗಿಂತ ಎರಡು-ಮೂರು ಪಟ್ಟು ಭಾರ. ಪಿಚ್‌ಬ್ಲೆಂಡ್. ಅನುಮಾನವೇ ಇಲ್ಲ.

ಆದ್ರೆ ಸುತ್ತ ನೋಡಿದ್ರೆ ಯಾವುದೂ ಹೊಂದಲ್ಲ. ದಂಡೆ ಹಿಂದಿನ ಬಂಡೆ ಕೆಂಪಗಿಲ್ಲ, ಬೇಯದ ಸಾದಾ ಗ್ರಾನೈಟ್, ಒಂದು ಸಿರೆ ಇಲ್ಲ, ಬಿರುಕಿಲ್ಲ. ಬಂಡೆ ಮೇಲೆ ಮೀಟರ್ ಇಟ್ರೆ ಮತ್ತೆ ಇನ್ನೂರು. ಕೂಗೋದು ನಾಲ್ಕು ಹೆಜ್ಜೆ ಅಗಲದ ಜಲ್ಲಿ ಮಾತ್ರ. ಈ ಕಲ್ಲು ಇಲ್ಲಿ ಹುಟ್ಟಿದ್ದಲ್ಲ. ಹಿಮನದಿ ಎಳ್ಕೊಂಡು ಬಂತಾ ಅಂದ್ರೆ ಅಂಚು ಚೂಪಾಗಿದೆ, ಉರುಳಿ ಸವೆದ ಗುರುತಿಲ್ಲ.

ಅಷ್ಟೊತ್ತಿಗೆ ಹಿರಿಯರು ಸ್ವಲ್ಪ ದೂರದಲ್ಲಿ ಗಿಡದ ಬುಡದಲ್ಲಿ ಏನೋ ನೋಡ್ತಾ ನಿಂತಿದ್ರು. ಹೋದ್ವಿ. ಬಂಡೆಗೆ ಹೊಡೆದ ಕಬ್ಬಿಣದ ಬಳೆ, ತುಕ್ಕು ಹಿಡಿದು ಕೆಂಪಾಗಿತ್ತು. ಬಾರ್ಜ್, ಅಂದ್ರೆ ಸರಕು ದೋಣಿ ಕಟ್ಟೋ ಬಳೆ. "ಬಾರ್ಜ್ ಇಲ್ಲಿ ಕಟ್ತಿದ್ರು, ಗಾಳಿ ಜೋರಾದ್ರೆ," ಅಂದ್ರು. "ನಮ್ಮಜ್ಜ ಹೊರ್ತಿದ್ರು."

ಲಾಬಿನ್‌ಗೆ ಸಿಕ್ಕ ಜಾಗ ಪೋರ್ಟ್ ರೇಡಿಯಂ ಆಯ್ತು, ಎಲ್‌ಡೊರಾಡೊ ಗಣಿ. ಮೊದಲು ಅವ್ರಿಗೆ ಬೇಕಾಗಿದ್ದು ರೇಡಿಯಂ, ಕ್ಯಾನ್ಸರ್ ಚಿಕಿತ್ಸೆಗೆ, ಗ್ರಾಮಿಗೆ ಸಾವಿರಾರು ಡಾಲರ್ ಬೆಲೆ. ಯುರೇನಿಯಂಗೆ ಆಗ ಹೆಚ್ಚು ಬೆಲೆ ಇರ್ಲಿಲ್ಲ. 1940ರಲ್ಲಿ ಮುಚ್ಚಿತ್ತು, 1942ರಲ್ಲಿ ಮತ್ತೆ ತೆರೆದ್ರು, ಈ ಸಲ ಯುರೇನಿಯಂಗೇ, ಅಮೆರಿಕದ ಬಾಂಬ್ ಯೋಜನೆಗೆ, ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. ಆ ಯೋಜನೆಗೆ ಹೆಚ್ಚು ಅದಿರು ಬಂದಿದ್ದು ಬೆಲ್ಜಿಯನ್ ಕಾಂಗೋದಿಂದ, ಒಂದು ಪಾಲು ಇಲ್ಲಿಂದ. ಗಣಿಯಿಂದ ಚೀಲಕ್ಕೆ ತುಂಬಿ ಬಾರ್ಜಿಗೆ, ಸರೋವರ ದಾಟಿ ಬೇರ್ ನದಿಗೆ, ಅಲ್ಲಿ ಹರಿವು ಜೋರಿರೋ ಕಡೆ ಇಳಿಸಿ ಹೊತ್ತು ಮತ್ತೆ ಏರಿಸಿ, ಮೆಕೆಂಜಿ ನದಿ, ಹೀಗೆ ಇಳಿಸೋದು ಏರಿಸೋದು ಮಾಡ್ತಾ ಮಾಡ್ತಾ ಆಲ್ಬರ್ಟಾದ ರೈಲಿನ ತನಕ, ಅಲ್ಲಿಂದ ಒಂಟಾರಿಯೋದ ಪೋರ್ಟ್ ಹೋಪ್‌ನಲ್ಲಿ ಶುದ್ಧೀಕರಣ. ಒಂದೊಂದು ಚೀಲ 45 ಕೆ.ಜಿ. ಹೊತ್ತವರು ಡೆನೆ ಗಂಡಸರು. ಚೀಲ ಬಟ್ಟೇದು, ಪುಡಿ ಉದುರೋದು. ಅದರ ಮೇಲೇ ಕೂತು ಊಟ ಮಾಡಿದ್ದಾರೆ, ಬಾರ್ಜಲ್ಲಿ ಅದರ ಮೇಲೇ ಮಲಗಿದ್ದಾರೆ.

ನಾನು ಮೊನ್ನೆ ಇಪ್ಪತ್ತು ಕೆ.ಜಿ. ಹೊತ್ತು ಮೊಣಕಾಲು ಅದುರಿದ್ದು ನೆನಪಾಯ್ತು. ಹಿರಿಯರ ಕಡೆ ನೋಡೋಕೆ ಆಗ್ಲಿಲ್ಲ.

ಅಜ್ಜ ಏನಾದ್ರು ಅಂತ ಹುಡುಗಿ ಮೆಲ್ಲಗೆ ಕೇಳಿದ್ಲು. "ಹೊಟ್ಟೇಲಿ ಗಡ್ಡೆ," ಅಂದ್ರು. "ಅಜ್ಜಿ ಆಮೇಲೆ ತುಂಬಾ ವರ್ಷ ಇದ್ರು. ನಮ್ಮೂರಲ್ಲಿ ಅಂಥ ಅಜ್ಜಿಯರು ತುಂಬಾ ಜನ." ಡೆಲಿನೆಯನ್ನ ವಿಧವೆಯರ ಊರು ಅಂತ ಕರೆದಿದ್ದುಂಟು. ಸರ್ಕಾರ ಮತ್ತೆ ಊರಿನವರು ಒಟ್ಟಿಗೆ ಕೂತು ವರ್ಷಗಟ್ಟಲೆ ತನಿಖೆ ಮಾಡಿ 2005ರಲ್ಲಿ ವರದಿ ಕೊಟ್ರು, ಕ್ಯಾನ್ಸರಿಗೂ ಚೀಲಕ್ಕೂ ನೇರ ಸಂಬಂಧ ಇದೆ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಅದರಲ್ಲಿದೆ. ಸಣ್ಣ ಊರು, ಹಳೇ ದಾಖಲೆ ಕಮ್ಮಿ, ಅಂಕಿ-ಅಂಶಕ್ಕೆ ಅದು ಸಾಲಲ್ಲ ಅನ್ನೋದು ನನಗೆ ಅರ್ಥ ಆಗುತ್ತೆ. ಆದ್ರೆ ಆಗ ಹೊತ್ತವರಿಗೆ ಇದು ಏನು ಕಲ್ಲು ಅಂತ ಯಾರೂ ಹೇಳ್ಲಿಲ್ಲ ಅನ್ನೋದಕ್ಕೆ ಯಾವ ಅಂಕಿ-ಅಂಶಾನೂ ಬೇಡ.

ತುಂಡನ್ನ ಅಲ್ಲೇ ಇಟ್ವಿ. ಜಿಪಿಎಸ್ ಗುರುತು ತಗೊಂಡು, ಫೋಟೋ ತೆಗೆದು, ಸುತ್ತ ಕಿತ್ತಳೆ ಟೇಪ್ ಕಟ್ಟಿ, ಕೈ ತೊಳೆದು, ಬೂಟಿನ ಅಡಿಗೂ ಮೀಟರ್ ಹಿಡಿದು ನೋಡಿ ದೋಣಿ ಹತ್ತಿದ್ವಿ. ನೋಟ್‌ಬುಕ್ಕಲ್ಲಿ ಹುಡುಗಿ ಬರೆದಿದ್ದು ನೋಡಿದೆ: ಬಂಡೆಯಲ್ಲಿ ಇಲ್ಲ, ಜಲ್ಲಿಯಲ್ಲಿ ಇದೆ, ಹಳೇ ಚೀಲದಿಂದ ಬಿದ್ದದ್ದು. ಕೆಳಗೆ ಬಳೆಯ ಚಿತ್ರ.

ದಿನ 8, ಜುಲೈ 13

ಬೆಳಗ್ಗೆ ಮೊದಲ ಕೆಲಸ ಆ ದಂಡೆಯ ವರದಿ ಬರೆದು ಡೆಲಿನೆ ಸರ್ಕಾರಕ್ಕೂ ಕೇಂದ್ರದ ಕಚೇರಿಗೂ ಕಳಿಸಿದ್ದು. ಹಿರಿಯರಿಗೆ ಓದಿ ತೋರಿಸಿದೆ, ಒಂದು ಕಡೆ ದಂಡೆಗೆ ನಾವು ಹಾಕಿದ್ದ ನಂಬರ್ ತೆಗೆಸಿ ಅದರ ಡೆನೆ ಹೆಸರು ಬರೆಸಿದ್ರು.

ಮಧ್ಯಾಹ್ನ ಹೆಲಿಕಾಪ್ಟರ್ ಡ್ರಿಲ್‌ಗೆ ಹೋಗೋ ದಾರೀಲಿ ಪೋರ್ಟ್ ರೇಡಿಯಂ ಮೇಲೆ ಒಂದು ಸುತ್ತು ಹಾಕ್ತು. ಏನೂ ಇಲ್ಲ. 1960ರಲ್ಲಿ ಯುರೇನಿಯಂ ನಿಲ್ತು, ಆಮೇಲೆ ಅದೇ ಜಾಗದಲ್ಲಿ ಬೆಳ್ಳಿ ಗಣಿ 80ರ ದಶಕದ ಶುರುವಿನ ತನಕ, ಲಕ್ಷಗಟ್ಟಲೆ ಟನ್ ಗಣಿ ಕಸ ಸರೋವರಕ್ಕೇ ಹೋಗಿದೆ, 2007ರಲ್ಲಿ ಬಾಯಿಗಳನ್ನೆಲ್ಲ ಮುಚ್ಚಿ ಸ್ವಚ್ಛ ಮಾಡಿದ್ರು. ಕಡಿದಾದ ಬಂಡೆ, ಸಮತಟ್ಟು ಮಾಡಿದ ಬೂದು ನೆಲ, ನೀಲಿ ನೀರು. ಡೆಲಿನೆಯವರು ಹೇಳೋದು, ಗಣಿ ಬರೋಕೆ ಎಷ್ಟೋ ಮುಂಚೆ ಒಬ್ಬ ಹಿರಿಯ ಈ ಬಂಡೆಯ ಕೆಳಗೆ ರಾತ್ರಿ ತಂಗಿದಾಗ ಕನಸು ಕಂಡ, ಜನ ನೆಲದ ತೂತಿನೊಳಗೆ ಹೋಗಿ ಏನೋ ತರ್ತಾರೆ, ದೊಡ್ಡ ಹಕ್ಕಿಯಂಥದ್ದು ಅದನ್ನ ದೂರದಲ್ಲಿ ಬೀಳಿಸುತ್ತೆ, ನಮ್ಮ ಹಾಗೇ ಕಾಣೋ ಜನ ಸುಟ್ಟುಹೋಗ್ತಾರೆ ಅಂತ. 1998ರ ಆಗಸ್ಟಲ್ಲಿ ಡೆಲಿನೆಯ ಒಂದು ತಂಡ ಹಿರೋಷಿಮಾಕ್ಕೆ ಹೋಗಿ ಅಲ್ಲಿನವರ ಕ್ಷಮೆ ಕೇಳ್ತು. ಬಾಂಬ್ ಮಾಡಿದವರಲ್ಲ, ಹಾಕಿದವರಲ್ಲ, ಗೊತ್ತಿಲ್ಲದೆ ಚೀಲ ಹೊತ್ತವರ ಮಕ್ಕಳು ಹೋಗಿ ಕ್ಷಮೆ ಕೇಳಿದ್ರು. ಹೆಡ್‌ಫೋನಲ್ಲಿ ಯಾರೂ ಮಾತಾಡ್ಲಿಲ್ಲ.

ದಿನ 9, ಜುಲೈ 14

ಇಡೀ ದಿನ ಕೋರ್ ಟೆಂಟಲ್ಲಿ. ಡ್ರಿಲ್ ಹಗಲು ರಾತ್ರಿ ಓಡುತ್ತೆ, ಹನ್ನೆರಡು ತಾಸಿನ ಎರಡು ಪಾಳಿ. ಮೇಲೆ ಬರೋ ಕಲ್ಲಿನ ಕಂಬಿಗೇ ಕೋರ್ ಅನ್ನೋದು, 47.6 ಮಿ.ಮೀ. ದಪ್ಪ, ಮುಷ್ಟಿ ತುಂಬಾ ಬರುತ್ತೆ, ಮರದ ಡಬ್ಬದಲ್ಲಿ ಸಾಲಾಗಿ ಇಟ್ಟಿರ್ತಾರೆ, ಒಂದು ಡಬ್ಬಕ್ಕೆ ನಾಲ್ಕೂವರೆ ಮೀಟರ್. ನೀರು ಹಾಕಿ ತೊಳೆದ್ರೆ ಬಣ್ಣ ಎದ್ದು ಬರುತ್ತೆ.

ಮೂರನೇ ಹೋಲ್. 180 ಮೀಟರ್ ತನಕ ಬೇಸರ ತರಿಸೋಷ್ಟು ಒಂದೇ ಥರದ ಕಲ್ಲು. 200 ದಾಟಿದ ಮೇಲೆ ಕೆಂಪು ಶುರು. 214ಕ್ಕೆ ಬ್ರೆಕ್ಷಿಯಾ, ಅಂದ್ರೆ ಬಂಡೆ ಒಡೆದು ಚೂರಾಗಿ, ಆ ಚೂರುಗಳನ್ನ ಬೇರೆ ಖನಿಜ ಬಂದು ಅಂಟಿಸಿರೋದು. ಶೇಂಗಾ ಚಿಕ್ಕಿ ನೆನೆಸ್ಕೊಳ್ಳಿ, ಶೇಂಗಾ ಜಾಗದಲ್ಲಿ ಕೆಂಪು ಕಲ್ಲಿನ ಚೂರು, ಬೆಲ್ಲದ ಜಾಗದಲ್ಲಿ ಕಪ್ಪು ಹೆಮಟೈಟ್, ಅದರ ನಡುವೆ ಹಿತ್ತಾಳೆ ಬಣ್ಣದ ಎಳೆಗಳು, ಚಾಲ್ಕೋಪೈರೈಟ್, ತಾಮ್ರದ ಅದಿರು. ಒಂದು ಕಡೆ ನವಿಲುಗರಿ ಬಣ್ಣದ ಬೋರ್ನೈಟ್ ಕೂಡ. ಲೆನ್ಸ್ ಕಣ್ಣಿಗಿಟ್ಟು ಆ ಎಂಟು ಮೀಟರನ್ನ ಸೆಂಟಿಮೀಟರ್ ಲೆಕ್ಕದಲ್ಲಿ ನೋಡಿದೆ, ಮಧ್ಯಾಹ್ನ ಊಟಕ್ಕೂ ಏಳ್ಲಿಲ್ಲ. ಗಾಮಾ ಮೀಟರ್ ಕೆಲವು ಕಡೆ ಆರುನೂರು, ಒಂದು ಕಡೆ ಸಾವಿರದ ಇನ್ನೂರು. ಚಿನ್ನ ಕಣ್ಣಿಗೆ ಕಾಣಲ್ಲ, ಅದು ಲ್ಯಾಬೇ ಹೇಳಬೇಕು. 222ಕ್ಕೆ ಮತ್ತೆ ಸಾದಾ ಕಲ್ಲು.

ಎಂಟು ಮೀಟರ್ ಅಂದ್ರೆ ಗಣಿ ಅಲ್ಲ. ಅದರ ಹತ್ತಿರಾನೂ ಅಲ್ಲ. ಇಂಥ ನೂರಾರು ಹೋಲ್ ಮಾಡಿದ ಮೇಲೂ ಬಹುತೇಕ ಜಾಗಗಳು ಗಣಿ ಆಗಲ್ಲ, ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಓಡಾಡಿದ ಒಂದೂ ಜಾಗ ಗಣಿ ಆಗಿಲ್ಲ. ಆದ್ರೂ ಆ ಬ್ರೆಕ್ಷಿಯಾ ನೋಡಿದಾಗ ಆದ ಸಂತೋಷ ಹೇಳ್ಕೊಳ್ಳದೆ ಇರೋಕಾಗಲ್ಲ, 187 ಕೋಟಿ ವರ್ಷ ಹಿಂದೆ ಆ ನೀರು ಈ ಬಿರುಕಲ್ಲೇ ಹರಿದಿತ್ತು ಅಂತ ನಕ್ಷೆ ಹೇಳಿತ್ತು, ಹೋಗಿ ನೋಡಿದ್ರೆ ಹರಿದಿದೆ.

ಹಿರಿಯರು ಬಂದು ನಿಂತ್ರು. ಡಬ್ಬ ನೋಡಿ, ಇದರಲ್ಲಿ ಯಾವುದು ಅದು ಅಂತ ಕೇಳಿದ್ರು. ಸಾವಿರದ ಇನ್ನೂರು ಬಂದ ಕಡೆ ಬೆರಳು ಮಾಡಿ ತೋರಿಸಿದೆ, ಮೀಟರ್ ಅವ್ರ ಕೈಗೇ ಕೊಟ್ಟೆ. ಅವ್ರು ಅದನ್ನ ಮೆಲ್ಲಗೆ ಇಡೀ ಡಬ್ಬದ ಮೇಲೆ ಆಡಿಸಿದ್ರು, ಸದ್ದು ಏರಿದ ಕಡೆ ನಿಲ್ಲಿಸಿ ಕೇಳಿದ್ರು, ಮತ್ತೆ ಆಡಿಸಿದ್ರು. ಸುಮಾರು ಹೊತ್ತು. "ಅಜ್ಜನ ಹತ್ರ ಇದಿರ್ಲಿಲ್ಲ," ಅಂದು ಮೀಟರ್ ವಾಪಸ್ ಕೊಟ್ರು.

ದಿನ 10, ಜುಲೈ 15

ವಿಮಾನ ಹತ್ತು ಗಂಟೆಗೆ ಅಂದಿದ್ದು ಎರಡಕ್ಕೆ ಬಂತು. ಐಸ್ ಅಷ್ಟರಲ್ಲಿ ಬಹಳ ಮಟ್ಟಿಗೆ ಹೋಗಿತ್ತು, ನೀರು ಕನ್ನಡಿ ಥರ. ಒಟ್ಟು 38 ರೈಸ್ ಬ್ಯಾಗ್. ಕಂಬಿಯನ್ನ ಉದ್ದಕ್ಕೆ ಸೀಳಿ ಅರ್ಧ ಡಬ್ಬದಲ್ಲೇ ಉಳಿಸಿ ಅರ್ಧ ಲ್ಯಾಬಿಗೆ, ಮೀಟರ್ ಜಾಸ್ತಿ ತೋರಿಸಿದವು ಬೇರೆ ಲೋಹದ ಡ್ರಮ್ಮಲ್ಲಿ, ಮೇಲೆ ಹಳದಿ ಚೀಟಿ, ಒಳಗೆ ಏನಿದೆ ಅಂತ ಬರೆದು.

ಏರಿಸೋ ಮುಂಚೆ ಹಿರಿಯರು ದಂಡೆಗೆ ಹೋಗಿ ಜೇಬಿಂದ ಚಿಟಿಕೆ ತಂಬಾಕು ತೆಗೆದು ನೀರಿಗೆ ಬಿಟ್ರು. ಇಲ್ಲಿನವರು ಸರೋವರ ದಾಟೋವಾಗ ಹಾಗೆ ಕೊಟ್ಟೇ ಹೋಗೋದು. ನಾನು ಚಪ್ಪಲಿ ಬಿಟ್ಟು ನೀರಿಗೆ ಕೈ ಹಾಕಿದೆ, ಒಂದು ನಿಮಿಷ ಇಡೋಕಾಗಲ್ಲ ಅಷ್ಟು ತಣ್ಣಗೆ. ಬ್ಯಾಗಲ್ಲಿ ಒಂದೇ ರೊಟ್ಟಿ ಉಳಿದಿತ್ತು, ಅದನ್ನ ಮೂರು ಭಾಗ ಮಾಡಿದೆ, ಚಟ್ನಿ ಪುಡಿ ಹಚ್ಚಿ ಕೊಟ್ಟೆ. ಹಿರಿಯರು ಖಾರ ಅಂದ್ರು, ಪೂರ್ತಿ ತಿಂದ್ರು.

ಆಮೇಲೆ ಸಾಲಾಗಿ ನಿಂತು ಚೀಲ ದಾಟಿಸಿದ್ವಿ, ಹುಡುಗಿ ದಂಡೇಲಿ, ನಾನು ಮಧ್ಯೆ, ಹಿರಿಯರು ಫ್ಲೋಟ್ ಮೇಲೆ. ಪ್ರತಿ ಚೀಲಕ್ಕೂ ಹುಡುಗಿ ಜೋರಾಗಿ ನಂಬರ್ ಕೂಗೋಳು, ಅದರಲ್ಲಿ ಏನಿದೆ ಅಂತ ಹೇಳೋಳು, "ಹದಿನೇಳು, ಗ್ರಾನೈಟ್," "ಹದಿನೆಂಟು, ತಾಮ್ರ ಇರೋದು," ಹಿರಿಯರು ಕೇಳಿಸ್ಕೊಂಡು ತಲೆ ಆಡಿಸಿ ತಗೊಳ್ಳೋರು, ಮೂವತ್ತೆಂಟನೇದರ ತನಕ.

ರಾತ್ರಿ ಯೆಲ್ಲೋನೈಫ್‌ನಿಂದ ಅಪ್ಪನಿಗೆ ಫೋನ್ ಮಾಡಿದೆ. 222 ಮೀಟರ್ ಅಂದೆ. "ರಿಸಲ್ಟ್ ಯಾವಾಗ ಬರ್ತೈತಿ?" ಆರು ವಾರ ಆಗುತ್ತೆ ಅಂದೆ.